ಟಿವಿಗೆ ವೈರ್‌ಲೆಸ್ ಸ್ಪೀಕರ್ ಜೋಡಿಸುವ ಕ್ರಮ: ಮೊದಲು ಧ್ವನಿಯ ದಾರಿ, ಆಮೇಲೆ ಪೇರಿಂಗ್

ಮೊಬೈಲ್‌ಗೆ ಅರ್ಧ ನಿಮಿಷದಲ್ಲಿ ಜೋಡಣೆಯಾಗುವ ಬ್ಲೂಟೂತ್ ಸ್ಪೀಕರ್ ಟಿವಿಗೆ ಮಾತ್ರ ಎರಡು ದಿನ ಗುದ್ದಾಡಿದರೂ ಜೋಡಣೆಯಾಗುವುದಿಲ್ಲ ಎಂಬ ದೂರು ಬಾಗಲಕೋಟೆಯ ನವನಗರದಿಂದ ಹಿಡಿದು ಬೆಳಗಾವಿಯ ಟಿಳಕವಾಡಿಯವರೆಗೆ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಬಂಧುಗಳ, ಪರಿಚಿತರ ಮನೆಗಳಲ್ಲಿ ಟಿವಿಯ ಹಿಂದೆ ಟಾರ್ಚ್ ಹಿಡಿದು ಕೂತು ನೋಡಿದ ಮೇಲೆ ನನಗೆ ಮನದಟ್ಟಾದ ಸಂಗತಿಯೆಂದರೆ, ಸ್ಪೀಕರ್ ಕೆಟ್ಟಿರುವುದು ಅಪರೂಪ, ಕೆಲಸದ ಕ್ರಮ ತಪ್ಪಿರುವುದೇ ಹೆಚ್ಚು. ಎಲ್ಲರೂ ಪೇರಿಂಗ್‌ನಿಂದ, ಅಂದರೆ ಎರಡು ಸಾಧನಗಳಿಗೆ ಬ್ಲೂಟೂತ್‌ನಲ್ಲಿ ಪರಸ್ಪರ ಗುರುತು ಮಾಡಿಸಿ ಕೂಡಿಸುವುದರಿಂದ, ಆರಂಭಿಸುತ್ತಾರೆ. ಆದರೆ ಪೇರಿಂಗ್ ನಾಲ್ಕನೆಯ ಹಂತದ ಕೆಲಸ. ಅದಕ್ಕೂ ಮೊದಲು ಧ್ವನಿ ಯಾವ ಪೆಟ್ಟಿಗೆಯಲ್ಲಿ ಹುಟ್ಟಿ, ಯಾವುದನ್ನು ದಾಟಿ, ಎಲ್ಲಿ ಹೊರಬೀಳುತ್ತದೆ ಎಂಬುದು ಗೊತ್ತಾಗಬೇಕು. ಹಾಗಾಗಿ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಅನುಸರಿಸಬೇಕು. ಅವಸರದಲ್ಲಿ ಒಂದನ್ನು ಹಾರಿದವರು ಕೊನೆಗೆ ಅದೇ ಹಂತಕ್ಕೆ ಮರಳಿ ಬರುವುದನ್ನು ನಾನು ನೋಡಿದ್ದೇನೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಟಿವಿಯ ರಿಮೋಟ್, ಸ್ಟ್ರೀಮಿಂಗ್ ಸಾಧನದ ರಿಮೋಟ್, ಪೂರ್ತಿ ಚಾರ್ಜ್ ಆದ ಸ್ಪೀಕರ್, ಒಂದು ಟಾರ್ಚ್, ಒಂದು ಹಾಳೆ ಮತ್ತು ಪೆನ್ನು ಇಷ್ಟಿದ್ದರೆ ಸಾಕು. ಟ್ರಾನ್ಸ್‌ಮಿಟರ್ (ಟಿವಿಯ ಧ್ವನಿಯನ್ನು ಬ್ಲೂಟೂತ್‌ನಲ್ಲಿ ಕಳಿಸುವ ಸಣ್ಣ ಸಾಧನ) ಅಥವಾ ಕೇಬಲ್‌ಗಳನ್ನು ಈಗಲೇ ಕೊಂಡು ತರಬಾರದು. ಯಾವುದು ಬೇಕು ಎಂಬುದು ಎರಡನೆಯ ಹಂತ ಮುಗಿಯುವವರೆಗೆ ತಿಳಿಯುವುದಿಲ್ಲ, ಅಂಗಡಿಯವರು ಸೀಲ್ ಒಡೆದ ವಸ್ತುವನ್ನು ಹಿಂದಕ್ಕೆ ಪಡೆಯುವುದೂ ಇಲ್ಲ.

ಹಂತ 1: ಧ್ವನಿಯ ದಾರಿಯನ್ನು ಹಾಳೆಯ ಮೇಲೆ ಬರೆಯಿರಿ

ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಧ್ವನಿ ಮೂರು ಕಡೆಯಿಂದ ಬರುತ್ತದೆ: ಕೇಬಲ್ ಅಥವಾ ಡಿಟಿಎಚ್‌ನ ಸೆಟ್‌ಟಾಪ್ ಬಾಕ್ಸ್, ಫೈರ್ ಟಿವಿ ಸ್ಟಿಕ್‌ನಂಥ ಸ್ಟ್ರೀಮಿಂಗ್ ಸಾಧನ ಮತ್ತು ಟಿವಿಯೊಳಗೇ ಇರುವ ಯೂಟ್ಯೂಬ್ ಮೊದಲಾದ ಆ್ಯಪ್‌ಗಳು. ಈ ಮೂರೂ ಬಂದು ಕೂಡುವ ಜಾಗ ಟಿವಿ ಒಂದೇ. ಕಾಲುವೆಯ ಒಂದು ಕವಲಿಗೆ ಪೈಪು ಇಳಿಬಿಟ್ಟವನಿಗೆ ಆ ಕವಲಿನ ನೀರಷ್ಟೇ ಸಿಗುವಂತೆ, ಸ್ಟಿಕ್‌ಗೆ ಸ್ಪೀಕರ್ ಜೋಡಿಸಿದವನಿಗೆ ಸ್ಟಿಕ್‌ನ ಧ್ವನಿಯಷ್ಟೇ ಸಿಗುತ್ತದೆ.

ವಿಜಯಪುರದಲ್ಲಿರುವ ನನ್ನ ಸೋದರಮಾವ ಇದೇ ಜಾಗದಲ್ಲಿ ಸಿಕ್ಕಿಬಿದ್ದರು. "ಏನಪಾ, ಸಿನಿಮಾಕ್ಕ ಸ್ಪೀಕರ್ ಮಾತಾಡತೈತಿ, ಬಾತ್ಮಿ ಹಚ್ಚಿದ್ರ ಬಾಯಿ ಮುಚ್ಚತೈತಿ" ಎಂದು ಫೋನ್ ಮಾಡಿದ್ದರು. ಅವರ ಸ್ಪೀಕರ್ ಸ್ಟಿಕ್‌ಗೆ ಜೋಡಣೆಯಾಗಿತ್ತು, ಸುದ್ದಿ ವಾಹಿನಿ ಬರುತ್ತಿದ್ದುದು ಕೇಬಲ್ ಬಾಕ್ಸ್‌ನಿಂದ. ಸ್ಪೀಕರನ್ನು ಎಷ್ಟು ಸಲ ರೀಸೆಟ್ ಮಾಡಿದರೂ ಈ ದೋಷ ಹೋಗುತ್ತಿರಲಿಲ್ಲ, ಏಕೆಂದರೆ ಅದು ದೋಷವೇ ಆಗಿರಲಿಲ್ಲ.

ಆದ್ದರಿಂದ ಟಿವಿಯ ಹಿಂಬದಿಗೆ ಟಾರ್ಚ್ ಹಾಕಿ, ಯಾವ ಪೆಟ್ಟಿಗೆಯ ವೈರು ಟಿವಿಯ ಯಾವ ಕಿಂಡಿಗೆ ಹೋಗಿದೆ ಎಂದು ನೋಡಿ ಗೆರೆ ಎಳೆದುಕೊಳ್ಳಿ. ಬಳಿಕ ಮನೆಯವರು ದಿನವೂ ಏನು ನೋಡುತ್ತಾರೆ ಎಂದು ಬರೆಯಿರಿ. ಎಲ್ಲದರ ಧ್ವನಿಯೂ ಸ್ಪೀಕರ್‌ನಲ್ಲಿ ಬೇಕೆಂದಾದರೆ ಸ್ಪೀಕರನ್ನು ಟಿವಿಗೇ ಜೋಡಿಸಬೇಕು. ಕೇಬಲ್ ಸಂಪರ್ಕವನ್ನು ಬಿಟ್ಟು ಸ್ಟಿಕ್ ಒಂದನ್ನೇ ನೋಡುವ ಮನೆಯಾದರೆ ಸ್ಟಿಕ್‌ಗೆ ಜೋಡಿಸುವುದು ಸುಲಭ, ಟಿವಿ ಎಷ್ಟು ಹಳೆಯದಾದರೂ ನಡೆಯುತ್ತದೆ. ಟಿವಿಯಲ್ಲಿ ಬ್ಲೂಟೂತ್ ಇಲ್ಲ, ಆದರೂ ಎಲ್ಲದರ ಧ್ವನಿ ಬೇಕು ಎನ್ನುವವರಿಗೆ ಟ್ರಾನ್ಸ್‌ಮಿಟರ್ ಅಗತ್ಯ. ಅದನ್ನು ಐದನೆಯ ಹಂತದಲ್ಲಿ ವಿವರಿಸಿದ್ದೇನೆ.

ಹಂತ 2: ಟಿವಿ ಬ್ಲೂಟೂತ್ ಮೂಲಕ ಧ್ವನಿ ಕಳಿಸುತ್ತದೆಯೇ ಎಂದು ಪರೀಕ್ಷಿಸಿ

ಪೆಟ್ಟಿಗೆಯ ಮೇಲೆ ಬ್ಲೂಟೂತ್ ಚಿಹ್ನೆ ಇದ್ದ ಮಾತ್ರಕ್ಕೆ ನಂಬಬಾರದು. ಕೆಲವು ಟಿವಿಗಳಲ್ಲಿ ಬ್ಲೂಟೂತ್ ಇರುವುದು ರಿಮೋಟ್‌ಗಾಗಿ ಮಾತ್ರ, ಧ್ವನಿ ಅದರಲ್ಲಿ ಹೋಗುವುದಿಲ್ಲ. ಇದನ್ನು ತಿಳಿಯಲು ಮೆನುವಿನಲ್ಲೇ ನೋಡಬೇಕು.

ಸ್ಯಾಮ್‌ಸಂಗ್ ಟಿವಿಗಳಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಸೌಂಡ್, ಅದರೊಳಗೆ ಸೌಂಡ್ ಔಟ್‌ಪುಟ್ ತೆರೆದರೆ ಬ್ಲೂಟೂತ್ ಸ್ಪೀಕರ್ ಲಿಸ್ಟ್ ಎಂಬ ಆಯ್ಕೆ ಕಾಣಬೇಕು. ಎಲ್‌ಜಿಯಲ್ಲಿ ಸೌಂಡ್ ಔಟ್ ಎಂಬುದರೊಳಗೆ ಬ್ಲೂಟೂತ್ ಆಯ್ಕೆ ಇರುತ್ತದೆ. ಆ್ಯಂಡ್ರಾಯ್ಡ್ ಅಥವಾ ಗೂಗಲ್ ಟಿವಿಯಲ್ಲಿ ಸೆಟ್ಟಿಂಗ್ಸ್‌ನ ರಿಮೋಟ್ಸ್ ಆ್ಯಂಡ್ ಆ್ಯಕ್ಸೆಸರೀಸ್ ಭಾಗಕ್ಕೆ ಹೋಗಬೇಕು. ಫೈರ್ ಟಿವಿ ಸ್ಟಿಕ್‌ನಲ್ಲಿ ಕಂಟ್ರೋಲರ್ಸ್ ಆ್ಯಂಡ್ ಬ್ಲೂಟೂತ್ ಡಿವೈಸಸ್ ಎಂಬುದರೊಳಗೆ ಅದರ್ ಬ್ಲೂಟೂತ್ ಡಿವೈಸಸ್ ಎಂಬ ಸಾಲಿದೆ. ತಯಾರಿಕೆಯ ವರ್ಷಕ್ಕೆ ತಕ್ಕಂತೆ ಹೆಸರುಗಳು ತುಸು ಬದಲಾಗುತ್ತವೆ, ಆದರೆ ಹುಡುಕಬೇಕಾದ ಜಾಗಗಳು ಸೌಂಡ್ ಅಥವಾ ರಿಮೋಟ್ ಎಂಬ ಎರಡೇ. ಎರಡರಲ್ಲೂ ಸಿಗದಿದ್ದರೆ, ಅಥವಾ ಪೇರಿಂಗ್ ಸ್ಥಿತಿಯಲ್ಲಿರುವ ಸ್ಪೀಕರ್ ಪಕ್ಕದಲ್ಲೇ ಇದ್ದರೂ ಪಟ್ಟಿಯಲ್ಲಿ ರಿಮೋಟ್ ಹೊರತು ಬೇರೇನೂ ಕಾಣದಿದ್ದರೆ, ಹಾಳೆಯ ಮೇಲೆ "ಟ್ರಾನ್ಸ್‌ಮಿಟರ್ ಬೇಕು" ಎಂದು ಬರೆದುಕೊಳ್ಳಿ.

ಹಂತ 3: ಸ್ಪೀಕರನ್ನು ಮೊಬೈಲ್‌ಗಳಿಂದ ಬಿಡಿಸಿ

ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿ. ಬ್ಲೂಟೂತ್ ಸ್ಪೀಕರ್ ಚಾಲೂ ಆದ ಕೂಡಲೇ ತನ್ನ ಹಳೆಯ ಜೊತೆಗಾರನನ್ನು ಹುಡುಕುತ್ತದೆ. ಆ ಜೊತೆಗಾರ ಅಡುಗೆಮನೆಯಲ್ಲಿರುವ ಮಗಳ ಮೊಬೈಲ್ ಆಗಿರಬಹುದು, ಅಟ್ಟದ ಮೇಲೆ ಓದುತ್ತಿರುವ ಮಗನ ಲ್ಯಾಪ್‌ಟಾಪ್ ಆಗಿರಬಹುದು. ಅದು ಸಿಕ್ಕಿಬಿಟ್ಟರೆ ಸ್ಪೀಕರ್ ಟಿವಿಯ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಆ ಸ್ಪೀಕರನ್ನು ಎಂದಾದರೂ ಬಳಸಿದ ಪ್ರತಿಯೊಂದು ಮೊಬೈಲ್‌ನಲ್ಲೂ ಬ್ಲೂಟೂತನ್ನು ಆಫ್ ಮಾಡಬೇಕು. ಮೊಬೈಲ್ ಜೇಬಿನಲ್ಲಿದೆ, ಹಾಡು ನಡೆಯುತ್ತಿಲ್ಲ ಎಂಬುದು ಸಮಾಧಾನವಲ್ಲ, ಹಾಡಿಲ್ಲದಿದ್ದರೂ ಜೋಡಣೆ ಉಳಿದಿರುತ್ತದೆ. ಸ್ಪೀಕರ್ ಇನ್ನು ಟಿವಿಗೇ ಮೀಸಲು ಎಂದಾದರೆ ಮೊಬೈಲ್‌ನ ಬ್ಲೂಟೂತ್ ಪಟ್ಟಿಯಿಂದ ಅದರ ಹೆಸರನ್ನು ತೆಗೆದುಹಾಕುವುದೇ ಒಳ್ಳೆಯದು.

ಹಂತ 4: ಪೇರಿಂಗ್

1. ಸ್ಪೀಕರನ್ನು ಟಿವಿಯಿಂದ ಒಂದು ಮೀಟರ್ ಒಳಗೆ ಇಡಿ. ಅದರ ಕಾಯಂ ಜಾಗ ಎಲ್ಲೇ ಇರಲಿ, ಮೊದಲ ಪೇರಿಂಗ್ ಹತ್ತಿರದಲ್ಲೇ ಆಗಲಿ.

2. ಟಿವಿ ಅಥವಾ ಸ್ಟಿಕ್‌ನ ಮೆನುವಿನಲ್ಲಿ ಹಿಂದೆ ಹೇಳಿದ ಜಾಗಕ್ಕೆ ಹೋಗಿ ಹುಡುಕಾಟದ ಪರದೆಯನ್ನು ಮೊದಲೇ ತೆರೆದಿಡಿ. ಸ್ಪೀಕರ್ ಪೇರಿಂಗ್ ಸ್ಥಿತಿಯಲ್ಲಿ ಕೆಲವೇ ನಿಮಿಷ ಇರುತ್ತದೆ. ಸ್ಪೀಕರ್‌ನ ಗುಂಡಿ ಒತ್ತಿದ ಮೇಲೆ ಮೆನು ಹುಡುಕುತ್ತ ಕೂತರೆ ಅಷ್ಟರಲ್ಲಿ ಅದು ಮುಚ್ಚಿಕೊಂಡಿರುತ್ತದೆ.

3. ಸ್ಪೀಕರ್‌ನ ಬ್ಲೂಟೂತ್ ಗುಂಡಿಯನ್ನು ದೀಪ ಬೇಗಬೇಗ ಮಿಣುಕುವವರೆಗೆ ಒತ್ತಿ ಹಿಡಿಯಿರಿ. ದೀಪ ಸ್ಥಿರವಾಗಿ ಉರಿದರೆ ಸ್ಪೀಕರ್ ಈಗಾಗಲೇ ಯಾವುದೋ ಸಾಧನಕ್ಕೆ ಕಟ್ಟಿಕೊಂಡಿದೆ ಎಂದರ್ಥ, ಮೂರನೆಯ ಹಂತಕ್ಕೆ ಮರಳಬೇಕು.

4. ಪಟ್ಟಿಯಲ್ಲಿ ಸ್ಪೀಕರ್‌ನ ಹೆಸರು ಬಂದ ಕೂಡಲೇ ಆರಿಸಿ. ಒತ್ತೊತ್ತಾದ ಮನೆಗಳ ಓಣಿಯಲ್ಲಿ ಪಕ್ಕದ ಮನೆಯ ಸ್ಪೀಕರ್ ಕೂಡ ಪಟ್ಟಿಯಲ್ಲಿ ಕಾಣಬಹುದು. ಹೆಸರನ್ನು ಪೂರ್ತಿ ಓದಿಯೇ ಒತ್ತಿ.

5. ಜೋಡಣೆಯಾದರೂ ಧ್ವನಿ ಬಾರದಿದ್ದರೆ ಸೌಂಡ್ ಔಟ್‌ಪುಟ್‌ಗೆ ಹೋಗಿ ಟಿವಿ ಸ್ಪೀಕರ್ ಬದಲು ಬ್ಲೂಟೂತ್ ಸ್ಪೀಕರ್ ಎಂದು ಆರಿಸಬೇಕು. ಕೆಲವು ಟಿವಿಗಳು ತಾವಾಗಿ ಬದಲಿಸಿಕೊಳ್ಳುತ್ತವೆ, ಕೆಲವು ಬದಲಿಸಿಕೊಳ್ಳುವುದಿಲ್ಲ.

6. ಸ್ಪೀಕರ್‌ನ ಧ್ವನಿಯನ್ನು ಅದರ ಗುಂಡಿಯಿಂದಲೇ ಮುಕ್ಕಾಲಿಗೆ ಏರಿಸಿಟ್ಟು, ದಿನದ ಹೆಚ್ಚು ಕಡಿಮೆಯನ್ನು ಟಿವಿಯ ರಿಮೋಟ್‌ನಿಂದ ಮಾಡಿ. ಇದನ್ನು ತಿರುವುಮುರುವು ಮಾಡಿದವರು ಸ್ಪೀಕರ್‌ಗೆ ಶಕ್ತಿಯಿಲ್ಲ ಎಂದು ದೂರುತ್ತಾರೆ.

ಹಂತ 5: ಬ್ಲೂಟೂತ್ ಇಲ್ಲದ ಟಿವಿಗೆ ಟ್ರಾನ್ಸ್‌ಮಿಟರ್

ಬೆಂಕಿಪೊಟ್ಟಣದಷ್ಟಿರುವ ಈ ಸಾಧನ ಟಿವಿಯ ಧ್ವನಿಯನ್ನು ವೈರಿನಿಂದ ಪಡೆದು ಬ್ಲೂಟೂತ್‌ನಲ್ಲಿ ಬಿತ್ತರಿಸುತ್ತದೆ. ಅಂಗಡಿಗೆ ಹೋಗಿ "ಬ್ಲೂಟೂತ್ ಡಿವೈಸ್ ಕೊಡಿ" ಎಂದಷ್ಟೇ ಕೇಳಿದರೆ ಅಗ್ಗದ ರಿಸೀವರ್ ಕೈಗೆ ಬರುವ ಸಾಧ್ಯತೆಯೇ ಹೆಚ್ಚು. ರಿಸೀವರ್ ಎಂಬುದು ಕಾರಿನ ಹಳೆಯ ಸ್ಟೀರಿಯೋದಂಥವಕ್ಕೆ ಮೊಬೈಲ್‌ನ ಹಾಡನ್ನು ತರುವ ವಸ್ತು, ಅದರ ಕೆಲಸ ನಮಗೆ ಬೇಕಾದುದಕ್ಕೆ ಪೂರ್ತಿ ವಿರುದ್ಧ. ಬೆಳಗಾವಿಯಲ್ಲಿ ನಾನೇ ಹೀಗೆ ಒಂದು ತಪ್ಪು ಪೆಟ್ಟಿಗೆ ತಂದು, ಇಡೀ ಸಂಜೆ ಟಿವಿಯನ್ನು ಶಪಿಸಿದ್ದೇನೆ. ಪೆಟ್ಟಿಗೆಯ ಮೇಲೆ ಟ್ರಾನ್ಸ್‌ಮಿಟರ್ ಎಂದು ಬರೆದಿರಬೇಕು. ಎರಡೂ ಕೆಲಸ ಮಾಡುವ ಸಾಧನವಾದರೆ ಬದಿಯಲ್ಲಿ ಟಿಎಕ್ಸ್ (ಕಳಿಸು), ಆರ್‌ಎಕ್ಸ್ (ಪಡೆ) ಎಂಬ ಸಣ್ಣ ಗುಬುಟು ಇರುತ್ತದೆ, ಅದನ್ನು ಟಿಎಕ್ಸ್ ಕಡೆಗೆ ಸರಿಸಬೇಕು.

ಮುಂದಿನ ಪ್ರಶ್ನೆ, ವೈರನ್ನು ಟಿವಿಯ ಯಾವ ಕಿಂಡಿಗೆ ಹಾಕಬೇಕು ಎಂಬುದು. ಕೆಂಪು ಬಿಳಿ ಕಿಂಡಿಗಳು ಕಂಡ ಕೂಡಲೇ ಅದರಲ್ಲಿ ತುರುಕುವುದು ಸಾಮಾನ್ಯ ತಪ್ಪು. ಎಲ್‌ಇಡಿ ಟಿವಿಗಳಲ್ಲಿ ಆ ಕಿಂಡಿಗಳು ಬಹುತೇಕ ಒಳಗೆ ತೆಗೆದುಕೊಳ್ಳುವ ಕಿಂಡಿಗಳು, ಅವುಗಳಿಂದ ಧ್ವನಿ ಹೊರಗೆ ಬರುವುದಿಲ್ಲ. ಔಟ್ ಎಂಬ ಅಕ್ಷರ ಇರುವ ಕಿಂಡಿಯನ್ನೇ ಹುಡುಕಬೇಕು. ಸಿಗುವುದು ಎರಡರಲ್ಲಿ ಒಂದು: ಇಯರ್‌ಫೋನ್‌ನ 3.5 ಮಿಲಿಮೀಟರ್ ದುಂಡು ಕಿಂಡಿ, ಅಥವಾ ಸಣ್ಣ ಬಾಗಿಲಿರುವ ಚೌಕಾಕಾರದ ಆಪ್ಟಿಕಲ್ ಕಿಂಡಿ.

ಇಯರ್‌ಫೋನ್ ಕಿಂಡಿ ಸರಳ. ವೈರು ಚುಚ್ಚಿದರೆ ಟಿವಿಯ ಸ್ವಂತ ಧ್ವನಿ ನಿಂತು ಟ್ರಾನ್ಸ್‌ಮಿಟರ್‌ಗೆ ಹೋಗುತ್ತದೆ, ರಿಮೋಟ್‌ನಿಂದ ಧ್ವನಿ ಏರಿಳಿಸುವುದೂ ಸಾಧ್ಯ. ಆಪ್ಟಿಕಲ್‌ನಲ್ಲಿ ಧ್ವನಿ ಹೆಚ್ಚು ಶುದ್ಧ, ಆದರೆ ಮೂರು ಕಡೆ ಕಾಲು ಜಾರುತ್ತದೆ. ಒಂದು, ಹೊಸ ಆಪ್ಟಿಕಲ್ ಕೇಬಲ್‌ನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದು ಇದೆ ಎಂದೇ ಕಾಣದೆ ಅದರ ಸಮೇತ ಒತ್ತುವವರು ಬಹಳ ಜನ, ಹಾಗೆ ಒತ್ತಿ ಕಿಂಡಿಯ ಬಾಗಿಲನ್ನೇ ಮುರಿದದ್ದೂ ಉಂಟು. ಟೋಪಿ ತೆಗೆದು, ಟಿವಿಯ ಕಡೆಯ ತುದಿಯನ್ನು ಹಾಕಿ, ಟಿವಿ ಚಾಲೂ ಇಟ್ಟರೆ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಾಣಬೇಕು. ಕಂಡರೆ ಟಿವಿಯ ಕಡೆಯ ಕೆಲಸ ಸರಿಯಾಗಿದೆ. ಎರಡು, ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬ ಸಾಲನ್ನು ಹುಡುಕಿ ಪಿಸಿಎಂ (ಸಂಕುಚಿಸದ ಸಾದಾ ಡಿಜಿಟಲ್ ಧ್ವನಿ) ಎಂದು ಇಡಬೇಕು. ಅಲ್ಲಿ ಡಾಲ್ಬಿ ಅಥವಾ ಆಟೋ ಎಂದಿದ್ದರೆ ಸಾಮಾನ್ಯ ಟ್ರಾನ್ಸ್‌ಮಿಟರ್‌ಗೆ ಆ ಭಾಷೆ ಅರ್ಥವಾಗುವುದಿಲ್ಲ, ಕೆಲವು ವಾಹಿನಿಗಳಲ್ಲಿ ಧ್ವನಿ ಬಂದು ಕೆಲವು ಸಿನಿಮಾಗಳಲ್ಲಿ ಪೂರ್ತಿ ಮೌನವಾಗುತ್ತದೆ. ಮೂರು, ಆಪ್ಟಿಕಲ್‌ನಿಂದ ಧ್ವನಿ ಒಂದೇ ಮಟ್ಟದಲ್ಲಿ ಹೊರಬರುವುದರಿಂದ ಟಿವಿಯ ರಿಮೋಟ್ ಒತ್ತಿದರೂ ಸ್ಪೀಕರ್ ಏರಿಳಿಯುವುದಿಲ್ಲ. ಇದು ಹಾಳಾದ ಲಕ್ಷಣವಲ್ಲ.

ಟ್ರಾನ್ಸ್‌ಮಿಟರ್‌ಗೆ ಪರದೆ ಇಲ್ಲ, ಪಟ್ಟಿಯೂ ಇಲ್ಲ. ಪೇರಿಂಗ್ ಸ್ಥಿತಿಯಲ್ಲಿ ಯಾವ ಸ್ಪೀಕರ್ ಮೊದಲು ಸಿಗುತ್ತದೆಯೋ ಅದಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಬೇರೆ ಎಲ್ಲ ಬ್ಲೂಟೂತ್ ಆಫ್ ಮಾಡಿ, ಎರಡನ್ನೂ ಒಂದೇ ಹೊತ್ತಿಗೆ ಪೇರಿಂಗ್‌ಗೆ ಹಾಕಿ ಒಂದೆರಡು ನಿಮಿಷ ಸುಮ್ಮನಿರಬೇಕು. ವಿದ್ಯುತ್ತನ್ನು ಟಿವಿಯ ಯುಎಸ್‌ಬಿ ಕಿಂಡಿಯಿಂದ ಕೊಟ್ಟರೆ ಟಿವಿಯೊಂದಿಗೆ ತಾನೂ ಆರಿ ಹೊತ್ತಿಕೊಳ್ಳುತ್ತದೆ, ಅದು ಅನುಕೂಲ. ಆದರೆ ಸ್ಟ್ರೀಮಿಂಗ್ ಸ್ಟಿಕ್ ವಿಚಾರದಲ್ಲಿ ಹೀಗೆ ಮಾಡಬಾರದು. ಟಿವಿಯ ಯುಎಸ್‌ಬಿ ಕೊಡುವ ವಿದ್ಯುತ್ ಅದಕ್ಕೆ ಸಾಲದೆ ಸ್ಟಿಕ್ ಮತ್ತೆ ಮತ್ತೆ ತಾನಾಗಿ ರೀಸ್ಟಾರ್ಟ್ ಆಗುವುದುಂಟು. ಅದಕ್ಕೆ ಜೊತೆಯಲ್ಲಿ ಬಂದ ಅಡಾಪ್ಟರನ್ನೇ ಬಳಸಬೇಕು.

ಹಂತ 6: ತುಟಿಗೂ ಮಾತಿಗೂ ತಾಳ ತಪ್ಪಿದರೆ

ಬ್ಲೂಟೂತ್‌ನಲ್ಲಿ ಧ್ವನಿಯನ್ನು ಮಡಚಿ, ಕಳಿಸಿ, ಮತ್ತೆ ಬಿಚ್ಚಲು ಸಮಯ ಹಿಡಿಯುತ್ತದೆ. ಎಲ್ಲ ಸ್ಪೀಕರ್‌ಗಳಲ್ಲೂ ಇರುವ ಎಸ್‌ಬಿಸಿ ಎಂಬ ಸಾಮಾನ್ಯ ಕೋಡೆಕ್‌ನಲ್ಲಿ (ಧ್ವನಿಯನ್ನು ಮಡಚಿ ಬಿಚ್ಚುವ ವಿಧಾನ) ಇದು ಸಾಧಾರಣವಾಗಿ 100ರಿಂದ 250 ಮಿಲಿಸೆಕೆಂಡ್. ಬ್ಯಾಟಿಗೆ ಚೆಂಡು ತಗುಲಿದ ಮೇಲೆ ಸದ್ದು ಬರುವುದು ಇದರಿಂದಲೇ. ಯೂಟ್ಯೂಬ್‌ನಂಥ ಆ್ಯಪ್‌ಗಳು ಈ ತಡವನ್ನು ಲೆಕ್ಕ ಹಾಕಿ ಚಿತ್ರವನ್ನೂ ತುಸು ತಡೆಹಿಡಿಯಬಲ್ಲವು, ಕೇಬಲ್ ಬಾಕ್ಸ್‌ನಿಂದ ನೇರ ಬರುವ ಚಿತ್ರದಲ್ಲಿ ಆ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಆ್ಯಪ್‌ನಲ್ಲಿ ಸರಿಯಿದ್ದು ಕೇಬಲ್‌ನಲ್ಲಿ ತಾಳ ತಪ್ಪಿದರೆ ಗಾಬರಿಯಾಗಬೇಕಿಲ್ಲ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪೆಂದರೆ ಆಡಿಯೋ ಡಿಲೇ ಎಂಬ ಸೆಟ್ಟಿಂಗನ್ನು ಹೆಚ್ಚಿಸುವುದು. ಡಿಲೇ ಹೆಚ್ಚಿಸಿದರೆ ಮೊದಲೇ ತಡವಾದ ಧ್ವನಿ ಇನ್ನಷ್ಟು ತಡವಾಗುತ್ತದೆ. ಅದನ್ನು ಸೊನ್ನೆಗೆ ಇಳಿಸಬೇಕು. ಬಳಿಕ ಪಿಕ್ಚರ್ ಮೋಡ್ ನೋಡಬೇಕು: ಗೇಮ್ ಮೋಡ್ ಇದ್ದರೆ ಚಿತ್ರ ಬೇಗ ಬಂದು ಅಂತರ ಹೆಚ್ಚಾಗುತ್ತದೆ, ಅದನ್ನು ತೆಗೆದು ಸಾಮಾನ್ಯ ಮೋಡ್‌ಗೆ ಹಾಕಿದರೆ ಚಿತ್ರವೂ ತುಸು ನಿಧಾನವಾಗಿ ಇಬ್ಬರೂ ಹತ್ತಿರ ಬರುತ್ತಾರೆ. ಇಷ್ಟಾದರೂ ತೃಪ್ತಿಯಿಲ್ಲದವರು ಆ್ಯಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬ ಕೋಡೆಕ್ ಇರುವ ಸಾಧನ ಹುಡುಕಬಹುದು, ಅದರಲ್ಲಿ ತಡ ಸುಮಾರು 40 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಆದರೆ ಟ್ರಾನ್ಸ್‌ಮಿಟರ್ ಮತ್ತು ಸ್ಪೀಕರ್ ಎರಡರಲ್ಲೂ ಅದು ಇರಬೇಕು. ಒಂದರಲ್ಲಿ ಮಾತ್ರ ಇದ್ದರೆ ಕೊಟ್ಟ ಹಣ ವ್ಯರ್ಥ. ವಿಡಿಯೋ ಗೇಮ್ ಆಡುವ ಮಕ್ಕಳಿಗೆ ನನ್ನ ಸಲಹೆ ಕಟುವಾಗಿದೆ: ವೈರ್ ಬಳಸಿ.

ಹಂತ 7: ಧ್ವನಿ ಕಡಿದು ಕಡಿದು ಬಂದರೆ

ಸಾಮಾನ್ಯ ಬ್ಲೂಟೂತ್ ಸ್ಪೀಕರ್‌ಗಳು ತೆರೆದ ಜಾಗದಲ್ಲಿ ಸುಮಾರು 10 ಮೀಟರ್ ಮುಟ್ಟುತ್ತವೆ. ಆದರೆ ನಮ್ಮ ಹಳೆಯ ಮನೆಗಳ ಒಂದೂವರೆ, ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆಗಳು ಆ ಲೆಕ್ಕವನ್ನು ಮಾನ್ಯ ಮಾಡುವುದಿಲ್ಲ. ಟಿವಿ ಪಡಸಾಲೆಯಲ್ಲಿದ್ದರೆ ಸ್ಪೀಕರ್ ಕೂಡ ಪಡಸಾಲೆಯಲ್ಲೇ ಇರಲಿ, ನಡುಮನೆಯಲ್ಲಿ ಇಟ್ಟರೆ ಸುಖವಿಲ್ಲ. ಗೋಡೆಯ ಗೂಡು ನೋಡಲು ಚೆಂದ, ಆದರೆ ಮೂರು ಕಡೆ ಕಲ್ಲು ಸುತ್ತಿದ ಆ ಜಾಗದಲ್ಲಿ ಅಲೆಗಳೂ ಸೊರಗುತ್ತವೆ, ಧ್ವನಿಯೂ ಗುಂಯ್‌ಗುಡುತ್ತದೆ.

ಬ್ಲೂಟೂತ್ ಓಡಾಡುವ 2.4 ಗಿಗಾಹರ್ಟ್ಜ್ ಅಲೆಯಲ್ಲೇ ಹಳೆಯ ವೈಫೈ ಮತ್ತು ಮೈಕ್ರೋವೇವ್ ಓವನ್ ಕೂಡ ಇವೆ. ರೌಟರ್ ಟಿವಿಯ ಬೆನ್ನಿಗೇ ಅಂಟಿಕೊಂಡಿದ್ದರೆ ದೂರ ಸರಿಸಿ, ಸ್ಟಿಕ್ಕನ್ನು ರೌಟರ್‌ನ 5 ಗಿಗಾಹರ್ಟ್ಜ್ ವೈಫೈ ಹೆಸರಿಗೆ ಜೋಡಿಸಿ. ಟಿವಿಯ ಹಿಂದೆ ಹುದುಗಿದ ಸ್ಟಿಕ್‌ಗೆ, ಪೆಟ್ಟಿಗೆಯಲ್ಲಿ ಬಂದಿರುವ ಗೇಣುದ್ದದ ಎಚ್‌ಡಿಎಂಐ ವೈರನ್ನು ಬಳಸಿದರೆ ಅದು ಟಿವಿಯ ನೆರಳಿನಿಂದ ಹೊರಬರುತ್ತದೆ. ನಾನು ಕಂಡಂತೆ ಈ ತುಂಡನ್ನು ಎಲ್ಲರೂ ಪೆಟ್ಟಿಗೆಯಲ್ಲೇ ಬಿಟ್ಟು ಅಟ್ಟಕ್ಕೆ ಹಾಕಿರುತ್ತಾರೆ.

ಸೌಂಡ್‌ಬಾರ್, ಜೋಡಿ ಸ್ಪೀಕರ್ ಮತ್ತು ವೈಫೈ ಸ್ಪೀಕರ್

ಸೌಂಡ್‌ಬಾರ್ ಇದ್ದವರು ಬ್ಲೂಟೂತ್‌ನ ಹಿಂದೆ ಬೀಳಬೇಕಿಲ್ಲ. ಎಆರ್‌ಸಿ ಎಂದು ಬರೆದಿರುವ, ಟಿವಿಯ ಧ್ವನಿಯನ್ನು ಬಾರ್‌ಗೆ ಕಳಿಸಬಲ್ಲ ಎಚ್‌ಡಿಎಂಐ ಕಿಂಡಿ ಎರಡೂ ಕಡೆ ಇದ್ದರೆ ಒಂದೇ ವೈರಿನಲ್ಲಿ ಕೆಲಸ ಮುಗಿಯುತ್ತದೆ. ಟಿವಿಯಲ್ಲಿ ಸಿಇಸಿ, ಅಂದರೆ ಎಚ್‌ಡಿಎಂಐ ಮೂಲಕ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ, ಚಾಲೂ ಇರಬೇಕು. ಇದನ್ನು ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್, ಎಲ್‌ಜಿ ಸಿಂಪ್ಲಿಂಕ್, ಸೋನಿ ಬ್ರಾವಿಯಾ ಸಿಂಕ್ ಎಂದು ಕರೆಯುತ್ತವೆ. ಇಲ್ಲಿ ವೈರ್‌ಲೆಸ್ ಆಗಿರುವುದು ತಗ್ಗು ಧ್ವನಿಯ ಪೆಟ್ಟಿಗೆಯಾದ ಸಬ್‌ವೂಫರ್ ಮಾತ್ರ, ಅದು ಸಾಮಾನ್ಯವಾಗಿ ಬಾರ್‌ನೊಂದಿಗೆ ತಾನಾಗಿ ಕೂಡಿಕೊಳ್ಳುತ್ತದೆ. ಅದರ ದೀಪ ಮಿಣುಕುತ್ತಲೇ ಇದ್ದರೆ ಇನ್ನೂ ಕೂಡಿಲ್ಲ ಎಂದರ್ಥ.

ಎರಡು ಬ್ಲೂಟೂತ್ ಸ್ಪೀಕರ್ ಬೇಕೆನ್ನುವವರು ಒಂದೇ ಮಾದರಿಯ ಜೋಡಿ ತಂದು, ಮೊದಲು ಅವೆರಡನ್ನೂ ಪರಸ್ಪರ ಜೋಡಿಸಿ, ಆಮೇಲೆ ಮುಖ್ಯ ಸ್ಪೀಕರನ್ನು ಟಿವಿಗೆ ಜೋಡಿಸಬೇಕು. ವೈಫೈನಲ್ಲಿ ನಡೆಯುವ ಅಮೆಜಾನ್‌ನ ಎಕೋ ಸ್ಪೀಕರ್‌ಗಳನ್ನು ಅಲೆಕ್ಸಾ ಆ್ಯಪ್‌ನ ಮೂಲಕ ಫೈರ್ ಟಿವಿಗೆ ಹೋಮ್ ಥಿಯೇಟರ್ ಆಗಿ ಜೋಡಿಸಬಹುದು, ಆದರೆ ಎರಡೂ ಒಂದೇ ಖಾತೆ, ಒಂದೇ ವೈಫೈನಲ್ಲಿರಬೇಕು.

ಅಜ್ಜನ ಹೊರಸಿನ ಬಳಿ ಒಂದು ಸ್ಪೀಕರ್

ಕಿವಿ ಮಂದವಾದ ಹಿರಿಯರಿಗಾಗಿ ಟಿವಿಯನ್ನು ಓಣಿಗೆಲ್ಲ ಕೇಳುವಂತೆ ಹಚ್ಚುವ ಬದಲು, ಅವರ ಹೊರಸಿನ ಬಳಿ ಸಣ್ಣ ಸ್ಪೀಕರ್ ಇಡುವುದು ನನಗೆ ತುಂಬ ಇಷ್ಟವಾದ ಬಳಕೆ. ಆದರೆ ಟಿವಿಯ ಧ್ವನಿಯೂ ಸ್ಪೀಕರ್‌ನ ಧ್ವನಿಯೂ ಒಟ್ಟಿಗೆ ಬಂದರೆ, ಒಂದರ ಹಿಂದೆ ಇನ್ನೊಂದು ತಡವಾಗಿ ಬಂದು ಮಾತೆಲ್ಲ ಇಮ್ಮಡಿಯಾಗುತ್ತದೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳಿ ಬಂದರೆ ನೋಡಲು ಹೋದವರಿಗೆ ಸಂತೋಷ, ಮನೆಯಲ್ಲಿ ವಾರ್ತೆ ಹಾಗೆ ಮರಳಿದರೆ ಅಜ್ಜನಿಗೆ ಒಂದು ಶಬ್ದವೂ ತಿಳಿಯುವುದಿಲ್ಲ. ಇಂಥ ಕಡೆ ಟಿವಿಯ ಧ್ವನಿಯನ್ನು ಪೂರ್ತಿ ನಿಲ್ಲಿಸಿ ಸ್ಪೀಕರ್ ಒಂದನ್ನೇ ಬಳಸಬೇಕು, ಅಥವಾ ತಡವಿಲ್ಲದಂತೆ ಉದ್ದನೆಯ ವೈರ್ ಎಳೆಯಬೇಕು.

ಕರೆಂಟ್, ಬಿಸಿಲು, ಸಿಡಿಲು

ಕರೆಂಟ್ ಹೋಗಿ ಬಂದ ಮೇಲೆ ಸ್ಪೀಕರ್ ಮೌನವಾದರೆ ಮತ್ತೆ ಪೇರಿಂಗ್ ಮಾಡುವ ಅಗತ್ಯವಿಲ್ಲ. ಟಿವಿ ಪೂರ್ತಿ ಎದ್ದು ಚಿತ್ರ ಬರುವವರೆಗೆ ಕಾದು, ಆಮೇಲೆ ಸ್ಪೀಕರ್ ಚಾಲೂ ಮಾಡಿ. ಸ್ಪೀಕರ್ ಮೊದಲು ಎದ್ದರೆ ಅಷ್ಟರಲ್ಲಿ ಯಾರದೋ ಮೊಬೈಲ್ ಹಿಡಿದುಕೊಂಡಿರುತ್ತದೆ.

ಬ್ಯಾಟರಿ ಇರುವ ಸ್ಪೀಕರನ್ನು ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು ಬೀಳುವ ಕಿಟಕಿಯ ಬಳಿ, ಅದೂ ಚಾರ್ಜರ್‌ಗೆ ಹಚ್ಚಿ, ದಿನವಿಡೀ ಬಿಡಬಾರದು. ಅದರ ಮೈ ಉಬ್ಬಿದಂತೆ ಕಂಡರೆ, ಕೂಡಿದ ಅಂಚು ಬಾಯಿ ಬಿಟ್ಟರೆ ಅಥವಾ ಸುಟ್ಟ ವಾಸನೆ ಬಂದರೆ ಚಾರ್ಜರ್ ಕಿತ್ತು ಬಳಕೆಯನ್ನು ಅಲ್ಲಿಗೇ ನಿಲ್ಲಿಸಬೇಕು, ಒತ್ತಿ ಮುಚ್ಚಲು ಹೋಗಬಾರದು. ಭರಣಿ ಮಳೆಯ ಗುಡುಗು ಆರಂಭವಾದಾಗ ಸ್ವಿಚ್ ಆರಿಸುವುದಷ್ಟೇ ಸಾಲದು. ಟಿವಿ, ಸೌಂಡ್‌ಬಾರ್ ಮತ್ತು ಟ್ರಾನ್ಸ್‌ಮಿಟರ್‌ನ ಪ್ಲಗ್ ಕೀಳುವುದರ ಜೊತೆಗೆ ಸೆಟ್‌ಟಾಪ್ ಬಾಕ್ಸ್‌ಗೆ ಹೊರಗಿನಿಂದ ಬರುವ ಕೇಬಲ್ ಅಥವಾ ಡಿಶ್‌ನ ವೈರನ್ನೂ ಬಿಚ್ಚಿಡಬೇಕು. ಆದರೆ ಇದನ್ನು ಮೋಡ ಕವಿಯುವಾಗಲೇ ಮಾಡಬೇಕು. ಸಿಡಿಲು ಹೊಡೆಯುತ್ತಿರುವಾಗ ಆ ವೈರನ್ನು ಮುಟ್ಟಲು ಹೋಗಬಾರದು.